ನಿನ್ನೆ ನಿಮ್ಮನೇಲಿ ಏನಡಿಗೆ?

ನನ್ನನ್ನು ಜಯನಗರದಲ್ಲಿ ಜನ ಬೆಕ್ಕಿನ ಡಾಕ್ಟ್ರಮ್ಮ ಅಂತಲೇ ಕರೀತಿದ್ದರು. ಕಾಲೇಜಿನಲ್ಲಿ ಹಸುವಿನ ಹೆರಿಗೆಯಿಂದ ಹಿಡಿದು ಕೋಳಿಯ ಕೆಮ್ಮಿನವರೆಗೆ ಎಲ್ಲ ಕಲಿಸಿದ್ದರು, ಆದರೂ ಕೊನೆಗೆ ಉಳಿದ ಹೆಸರು ಇದೊಂದೇ. ಮೊದಮೊದಲು ಸಿಟ್ಟು ಬರ್ತಿತ್ತು. ಆಮೇಲಾಮೇಲೆ ಯಾರಾದರೂ ಬರೀ ಡಾಕ್ಟ್ರು ಅಂದರೆ, ಬೆಕ್ಕಿನ ಡಾಕ್ಟ್ರು ಅನ್ನಿ ಅಂತ ನಾನೇ ತಿದ್ದೋಕೆ ಶುರು ಮಾಡಿದೆ. ಈಗ ಕ್ಲಿನಿಕ್ಕನ್ನು ಬೇರೆಯವರಿಗೆ ಒಪ್ಪಿಸಿ ಜೆ.ಪಿ. ನಗರದ ಮನೆಯಲ್ಲಿ ಕೂತಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಬಂದ ಹುಡುಗ ಹುಡುಗಿಯರು ಆಗಾಗ ಬಂದು, ಮೇಡಂ ಏನಾದ್ರೂ ಹೇಳಿ ಅಂತಾರೆ. ಹೇಳೋದೇನು, ಜಂಬ ಕೊಚ್ಚಿಕೊಳ್ಳೋದೇ. ತಾಳ್ಮೆ ಇದ್ದರೆ ಕೇಳಿ.

ಪುಸ್ತಕದಲ್ಲಿ ಇರೋದನ್ನು ನಾನು ಹೇಳಲ್ಲ. ಈರುಳ್ಳಿ, ಬೆಳ್ಳುಳ್ಳಿ, ಚಾಕಲೇಟು, ಕಾಫಿ, ದ್ರಾಕ್ಷಿ, ಹೆಂಡ, ಇವೆಲ್ಲ ಬೆಕ್ಕಿಗೆ ಆಗಲ್ಲ ಅಂತ ನಿಮಗೆ ಗೊತ್ತು, ಫೋನು ತೆಗೆದರೆ ಅದೇ ಹೇಳುತ್ತೆ. ಫೋನು ಹೇಳದೇ ಇರೋದು ಬೇರೆ ಇದೆ. ಸಾಕಿದವರು ಬೆಕ್ಕಿಗೆ ವಿಷ ಅಂತ ಹಾಕಲ್ಲ, ಪ್ರೀತಿ ಅಂತ ಹಾಕ್ತಾರೆ. ಅದಕ್ಕೇ ನೀವು ಕೇಳಿದಾಗ ಏನೂ ಹಾಕಿಲ್ಲ ಡಾಕ್ಟ್ರೇ ಅಂತಾರೆ. ಅವರು ಸುಳ್ಳು ಹೇಳ್ತಿಲ್ಲ. ನೀವು ಕೇಳಿದ್ದೇ ಸರಿ ಇಲ್ಲ.

ನಾನು ಮೊದಲು ಸೇರಿದ್ದು ಜಯನಗರದ ಒಂದು ಹಳೇ ಕ್ಲಿನಿಕ್ಕಿಗೆ. ಅದನ್ನು ನಡೆಸುತ್ತಿದ್ದ ಹಿರಿಯ ಡಾಕ್ಟರನ್ನು ನಾವೆಲ್ಲ ಸಾರ್ ಅಂತಲೇ ಕರೀತಿದ್ದೆವು. ಕೈಗುಣ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಬೆಕ್ಕನ್ನು ಮೇಜಿನ ಮೇಲೆ ಇಟ್ಟ ಕೂಡಲೇ ಬಗ್ಗಿ ಅದರ ಬಾಯಿ ಮೂಸೋರು. ಮೂಸಿದರೆ ಅರ್ಧ ಕಾಯಿಲೆ ಗೊತ್ತಾಗುತ್ತೆ ಕಣಮ್ಮ ಅನ್ನೋರು, ಅದು ನಿಜ ಕೂಡ. ಆಮೇಲೆ ವಸಡು ನೋಡಿ, ಕಣ್ಣು ನೋಡಿ, ಸಾಕಿದವರ ಕಡೆ ತಿರುಗಿ, "ಏನ್ರೀ ವಿಷ ಹಾಕಿದ್ರಿ ಇದಕ್ಕೆ?" ಅಂತ ಗುಡುಗೋರು. ಅಲ್ಲಿಗೆ ಮುಗೀತು. ಎದುರಿಗಿದ್ದವರ ಬಾಯಿ ಹೊಲಿದ ಹಾಗಾಗೋದು. ನಾನು ಅವರ ಹತ್ತಿರ ಮೂಸೋ ವಿದ್ಯೆ ಕಲಿತೆ, ಗುಡುಗೋ ವಿದ್ಯೆ ಅವರಿಗೇ ಬಿಟ್ಟೆ.

ಒಂದು ಬೆಳಗ್ಗೆ ರಿಟೈರ್ಡ್ ಟೀಚರೊಬ್ಬರು ತರಕಾರಿ ಬುಟ್ಟಿಯಲ್ಲಿ ಬೆಕ್ಕು ತಂದರು. ಅದರ ಮೈಯೆಲ್ಲ ಅದುರ್ತಿತ್ತು, ಎದೆ ಬಡಿತ ಎಣಿಸೋಕೇ ಆಗ್ತಿರಲಿಲ್ಲ. ಸಾರ್ ಎಂದಿನ ಹಾಗೆ ಗುಡುಗಿದರು. ಬರೀ ಹಾಲು ಹಾಕೋದು ಸಾರ್ ಅಂತ ಆ ಅಮ್ಮ ಅಳೋಕೆ ಶುರು ಮಾಡಿದರು. ಸಾರ್ ಬೆಕ್ಕನ್ನು ನೋಡಿಕೊಳ್ಳುವಾಗ ನಾನು ಅವರನ್ನು ಆಚೆ ಬೆಂಚಿನ ಮೇಲೆ ಕೂರಿಸಿ, ನೀರು ಕೊಟ್ಟು, ಸುಮ್ಮನೆ ಮಾತಿಗೆ ಅಂತ ಕೇಳಿದೆ.

"ನಿನ್ನೆ ನಿಮ್ಮನೇಲಿ ಏನಡಿಗೆ?"

ನಮ್ಮ ಕಡೆ ಹೆಂಗಸರಿಗೆ ಈ ಪ್ರಶ್ನೆ ಕೇಳಿದರೆ ಉತ್ತರ ಸಿಗದೇ ಇರಲ್ಲ. ಹುಳಿ ಬಂತು, ಪಲ್ಯ ಬಂತು, ರಾತ್ರಿಯ ಚಪಾತಿ ಬಂತು, ಬೆಳಗಿನ ತಿಂಡಿಗೆ ಅವಲಕ್ಕಿ ಬಂತು. ಆಮೇಲೆ ಕಾಫಿ. "ನಮ್ ಪುಟ್ಟಿ ನನ್ ಲೋಟದಲ್ಲೇ ಕುಡಿಯೋದು ಡಾಕ್ಟ್ರೇ, ಬೇರೆ ಬಟ್ಟಲಲ್ಲಿ ಇಟ್ರೆ ಮೂಸಲ್ಲ. ಇವತ್ತು ಡಿಕಾಕ್ಷನ್ ಸ್ವಲ್ಪ ಗಟ್ಟಿಯಾಗಿತ್ತು, ಹಾಲು ಕಮ್ಮಿ ಇತ್ತು ನೋಡಿ." ಅದನ್ನು ಹೇಳುವಾಗ ಅವರ ಮುಖದಲ್ಲಿ ಎಂಥ ಹೆಮ್ಮೆ ಅಂತೀರಿ, ಮೊಮ್ಮಗಳು ರ‍್ಯಾಂಕ್ ಬಂದ ಹಾಗೆ. ನಾನು ಒಳಗೆ ಓಡಿ ಕಾಫಿ ಸಾರ್ ಅಂದೆ. ಬೆಕ್ಕು ಉಳೀತು.

ಅವತ್ತು ಸಂಜೆ ಸಾರ್ ಕೈ ತೊಳೆದುಕೊಳ್ಳುತ್ತಾ ಹೇಳಿದರು, "ಇಲ್ಲಿ ಬೆಕ್ಕು ಸಾಯ್ತಾ ಇದೆ, ಈ ಹುಡುಗಿ ಅಡಿಗೆ ವಿಚಾರ ಮಾತಾಡ್ಕೊಂಡು ಕೂತಿದ್ದಾಳಲ್ಲ ಅಂತ ಬೈಯೋಣ ಅಂತಿದ್ದೆ. ನಾಳೆಯಿಂದ ನೀನೇ ಕೇಳು. ನಾನು ಮೂಸ್ತೀನಿ." ನನ್ನ ಸರ್ವೀಸಿನಲ್ಲಿ ನನಗೆ ಸಿಕ್ಕಿದ ದೊಡ್ಡ ಸರ್ಟಿಫಿಕೇಟ್ ಇದು. ಗೋಡೆ ಮೇಲಿದ್ದ ಮಿಕ್ಕಿದ್ದೆಲ್ಲ ಧೂಳು ಹಿಡಿದು ಹೋಯ್ತು.

ಆಮೇಲೆ ಕ್ಲಿನಿಕ್ಕಿನಲ್ಲಿ ಎಲ್ಲ ಬದಲಾಯ್ತು. ಗೋಣಿಚೀಲದಲ್ಲಿ ಬರುತ್ತಿದ್ದ ಬೆಕ್ಕುಗಳು ಗಾಜಿನ ಕಿಟಕಿ ಇರೋ ಬ್ಯಾಗಿನಲ್ಲಿ ಬರೋಕೆ ಶುರುವಾದವು. ರಕ್ತ ಪರೀಕ್ಷೆಗೆ ಬೇರೆ ಕಡೆ ಕಳಿಸಿ ಕಾಯುವ ಕಾಲ ಹೋಗಿ ಮೆಷಿನ್ನು ಪಕ್ಕದ ರೂಮಿಗೇ ಬಂತು. ಸಾರ್ ರಿಟೈರ್ ಆದರು, ಅವರ ಕುರ್ಚಿಗೆ ನಾನು ಬಂದೆ. ಪ್ರಶ್ನೆ ಮಾತ್ರ ಅದೇ. ಕೆಲಸಕ್ಕೆ ಸೇರಿದ ಹೊಸ ಡಾಕ್ಟರುಗಳು ಮೊದಲು ಮುಸಿಮುಸಿ ನಗೋರು, ಮೇಡಂ ಏನು ಅಡಿಗೆ ಭಟ್ಟರನ್ನ ಇಂಟರ್ವ್ಯೂ ಮಾಡ್ತಾರಾ ಅಂತ. ಒಂದು ತಿಂಗಳು ಕಳೆದ ಮೇಲೆ ಅವರೂ ಅದನ್ನೇ ಕೇಳೋರು.

ಬಿಟಿಎಂ ಲೇಔಟಿಂದ ಒಂದು ದಿನ ಮೂರು ಹುಡುಗರು ಒಂದೇ ಬೈಕಲ್ಲಿ ಬಂದರು. ನಡುವೆ ಕೂತವನ ಎದೆಗೆ ಬ್ಯಾಗು, ಬ್ಯಾಗಲ್ಲಿ ಬೆಕ್ಕು. ಮೂವರೂ ಒಂದೇ ರೂಮಿನಲ್ಲಿ ಬಾಡಿಗೆಗೆ ಇದ್ದರು. ದೊಡ್ಡ ತಲೆಯ ಗಂಡು ಬೆಕ್ಕು, ಹೆಸರು ಬಾಸ್. ಬಾಸ್ ಎದ್ದು ನಿಲ್ಲೋ ಸ್ಥಿತಿಯಲ್ಲಿರಲಿಲ್ಲ. ವಸಡು ಬೆಳ್ಳಗಾಗಿತ್ತು.

"ನಿನ್ನೆ ಏನಪ್ಪ ಅಡಿಗೆ?" ಅಂದೆ.

ನವೀನ್ ಅನ್ನೋ ಹುಡುಗ ತಲೆ ಕೆರ್ಕೊಂಡ. "ಅಡಿಗೆ ಎಲ್ಲಿ ಮೇಡಂ, ಕೆಳಗಡೆ ಗಾಡಿಯಿಂದ ಎಗ್ ಬುರ್ಜಿ ಪಾರ್ಸೆಲ್. ದಿನಾ ಅದೇ. ಬಾಸ್‌ಗೂ ಅದೇ. ಆದ್ರೆ ಈರುಳ್ಳಿ ಒಂದೊಂದೇ ಆರಿಸಿ ತೆಗೆದು ಹಾಕ್ತಿದ್ವಿ ಮೇಡಂ, ಯೂಟ್ಯೂಬಲ್ಲಿ ನೋಡಿದ್ವಿ."

ಪಾಪ, ಆರಿಸಿದ್ದಾರೆ. ಈರುಳ್ಳಿಯ ರಸ ಮೊಟ್ಟೆಗೆ ಇಳಿದ ಮೇಲೆ ಚೂರು ತೆಗೆದು ಏನು ಪ್ರಯೋಜನ ಅಂತ ಅವರಿಗೆ ಕೂರಿಸಿ ಹೇಳಿದೆ. ಬೇಯಿಸಿದರೂ ಅಷ್ಟೇ, ಪುಡಿ ಮಾಡಿದರೂ ಅಷ್ಟೇ, ಆ ಸತ್ವ ಬೆಕ್ಕಿನ ರಕ್ತದ ಕಣ ಒಡೆದು ಹಾಕುತ್ತೆ. ತಿಂದ ದಿನ ಏನೂ ಗೊತ್ತಾಗಲ್ಲ, ನಾಲ್ಕಾರು ದಿನ ಬಿಟ್ಟು ಬೀಳುತ್ತೆ. ಬಾಸ್ ಒಂದು ವಾರ ನಮ್ಮಲ್ಲೇ ಇದ್ದ. ಮೂವರೂ ಪಾಳಿ ಹಾಕಿಕೊಂಡು ಬಂದು ನೋಡಿ ಹೋಗೋರು. ಡಿಸ್ಚಾರ್ಜ್ ದಿನ ನವೀನ್ ಹೇಳಿದ, "ಮೇಡಂ, ನಿಮ್ಗೆ ಯಾವತ್ತಾದ್ರೂ ಏನಾದ್ರೂ ಬೇಕಾದ್ರೆ ಒಂದ್ ಫೋನ್ ಹಾಕಿ ಸಾಕು." ಎಲ್ಲರೂ ಹಾಗೆ ಹೇಳ್ತಾರೆ. ನಾನು ನಕ್ಕು ನಂಬರ್ ತಗೊಂಡೆ.

ಇನ್ನು ವಸಂತಪುರದ ಲಕ್ಕಮ್ಮಜ್ಜಿ ವಿಷಯ. ಇಲ್ಲೀವರೆಗೆ ಹೇಳಿದ್ದೆಲ್ಲ ಅದಕ್ಕೆ ಪೀಠಿಕೆ ಅಂದುಕೊಳ್ಳಿ.

ಬಾಸ್ ಬಂದು ಹೋಗಿ ಎರಡು ವರ್ಷ ಆಗಿತ್ತು. ಒಂದು ಬೆಳಗ್ಗೆ ಬಾಗಿಲು ತೆಗೀತಿದ್ದ ಹಾಗೇ ಆಟೋ ಬಂದು ನಿಂತಿತು. ಇಳಿದವಳು ಎಂಟು ತಿಂಗಳ ಬಸುರಿ ಪವಿತ್ರ, ಹೆರಿಗೆಗೆ ಅಂತ ತವರಿಗೆ ಬಂದಿದ್ದಳು. ಹಿಂದೆ ಅವಳ ಅಜ್ಜಿ ಲಕ್ಕಮ್ಮ. ಪವಿತ್ರ ಕೈಯಲ್ಲಿ ಟವೆಲು ಸುತ್ತಿದ ಬೆಕ್ಕು ಚಿನ್ನಿ. ಅಜ್ಜಿ ಕೈಯಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಆಗತಾನೇ ಕಣ್ಣು ಬಿಡುತ್ತಿದ್ದ ನಾಲ್ಕು ಮರಿ.

ಆ ಮನೆಯವರು ಹಳೇ ವಸಂತಪುರದವರು. ಹೊಲ ಹೋಗಿ ಸೈಟಾಗಿತ್ತು, ಕೊಟ್ಟಿಗೆ ಇದ್ದ ಜಾಗದಲ್ಲಿ ಮೂರು ಮಹಡಿ ಬಾಡಿಗೆ ಮನೆ ಎದ್ದಿತ್ತು. ಅಜ್ಜಿಗೆ ಅಂತ ಉಳಿದಿದ್ದ ಕೆಲಸ ಒಂದೇ, ಬಾಣಂತನ. ಸೊಸೆಯರದ್ದು, ಹೆಣ್ಣುಮಕ್ಕಳದ್ದು, ಬೀದಿಯವರದ್ದು, ಅರ್ಧ ಊರಿನ ಬಾಣಂತಿಯರು ಅವರ ಕೈಯಲ್ಲಿ ನೀರು ಹಾಕಿಸಿಕೊಂಡು ಎದ್ದವರು. ಗಂಡನ ಮನೆ ಕಡೆ ಎಷ್ಟು ಹೇಳಿದರೂ ಕೇಳದೆ ಪವಿತ್ರ ಇಲ್ಲಿಗೆ ಬಂದಿದ್ದು ಈ ಅಜ್ಜಿ ಕೈಯ ಆರೈಕೆಗೇ. ಇದೆಲ್ಲ ಚಿನ್ನಿಗೆ ಇಂಜೆಕ್ಷನ್ ಹಾಕಿಸೋಕೆ ಬಂದಾಗಲೆಲ್ಲ ಅಜ್ಜಿ ನನಗೆ ಹೇಳಿದ್ದ ಸಂಗತಿ.

ಚಿನ್ನಿಯನ್ನು ಮೇಜಿನ ಮೇಲೆ ಮಲಗಿಸಿದೆ. ವಸಡು ಸುಣ್ಣ. ಮೇಲುಸಿರು. ಬಾಲದ ಹತ್ತಿರ ಕೂದಲಿಗೆ ಅಂಟಿದ್ದ ಮೂತ್ರ ಕಂದು ಬಣ್ಣ. ರಕ್ತದ ಚುಕ್ಕೆಯೊಂದನ್ನು ನೋಡಿದರೆ ನೀರು ಬೆರೆಸಿದ ಹಾಗಿದೆ.

"ಮೇಡಂ, ನೀವು ಹೇಳ್ದಂಗೇ ನೋಡ್ಕೊಂಡಿದ್ದೀವಿ" ಅಂದಳು ಪವಿತ್ರ. "ಒಂದ್ ಚೂರು ಈರುಳ್ಳಿ ಹಾಕಿಲ್ಲ, ಚಾಕಲೇಟ್ ಹಾಕಿಲ್ಲ. ಬೇಕಾದ್ರೆ ಅಜ್ಜೀನೇ ಕೇಳಿ. ಊಟ ಹಾಕೋದು ಅವ್ರೇ."

ಬಗ್ಗಿ ಮೂಸಿದೆ. ತುಪ್ಪದ ವಾಸನೆ ಬಂತು. ಅದರ ಹಿಂದೆ ಇನ್ನೊಂದು.

"ಅಜ್ಜಿ, ನಿನ್ನೆ ನಿಮ್ಮನೇಲಿ ಏನಡಿಗೆ?"

"ನಮ್ಗೆ ಮುದ್ದೆ, ಸೊಪ್ಪಿನ ಸಾರು. ಬಾಣಂತಿಗೆ ಬ್ಯಾರೆ ಮಾಡ್ದೆ."

ನಾನು ಪವಿತ್ರಳ ಹೊಟ್ಟೆ ನೋಡಿದೆ. "ಬಾಣಂತಿ ಯಾರಜ್ಜಿ? ಇವಳಿಗೆ ಇನ್ನೂ ದಿನ ಇದೆಯಲ್ಲ."

ಅಜ್ಜಿ ಗದ್ದ ಎತ್ತಿ ಮೇಜಿನ ಕಡೆ ತೋರಿಸಿದರು. "ಇವ್ಳೇ ಕಣವ್ವ. ನಾಕು ಮರಿ ಹಾಕವ್ಳೆ, ಹಾಲು ಸಾಲ್ದು. ಮರಿಗಳು ಅರಚ್ಕಂತಾವೆ. ಒಂದ್ ಗಡ್ಡೆ ಬೆಳ್ಳುಳ್ಳಿ ಜಜ್ಜಿ ತುಪ್ಪದಾಗೆ ಹುರ್ದು, ಕೋಳಿ ರಸ ಬಿಟ್ಟು ಅನ್ನ ಕಲ್ಸಿ ಕೊಡ್ತಾ ಇವ್ನಿ, ಹೆತ್ತ ದಿನದಿಂದ. ನೆಕ್ಕಿ ನೆಕ್ಕಿ ತಿಂತಾಳೆ."

ಹೇಳುವಾಗ ಆ ಕಾಫಿ ಟೀಚರಮ್ಮನ ಮುಖದಲ್ಲಿದ್ದ ಹೆಮ್ಮೆಯೇ ಅಜ್ಜಿ ಮುಖದಲ್ಲೂ ಇತ್ತು. ಮನೇಲಿ ಯಾರಿಗೂ ಇದು ಗೊತ್ತಿರಲಿಲ್ಲ ಅಂತಲ್ಲ, ಯಾರಿಗೂ ಅದು ತಪ್ಪು ಅನ್ನಿಸಿರಲಿಲ್ಲ. ಈರುಳ್ಳಿ ಅಂದರೆ ಅಡಿಗೆ, ಅದನ್ನು ಬಿಟ್ಟಿದ್ದರು. ಬಾಣಂತಿಯ ಬೆಳ್ಳುಳ್ಳಿ ಅವರ ಲೆಕ್ಕದಲ್ಲಿ ಔಷಧಿ. ಈ ಮಾತು ಚೆನ್ನಾಗಿ ನೆನಪಿಟ್ಟುಕೊಳ್ಳಿ, ಔಷಧಿ ಅಂತ ಕೊಟ್ಟಿದ್ದನ್ನು ಜನ ಊಟದ ಲೆಕ್ಕಕ್ಕೆ ಸೇರಿಸೋದೇ ಇಲ್ಲ.

ನಾನು ಆದಷ್ಟು ಮೆತ್ತಗೆ ಹೇಳಿದೆ. "ಅಜ್ಜಿ, ನಿಮ್ಮ ಅಡಿಗೇಲಿ ಕೆಟ್ಟದ್ದು ಏನಿಲ್ಲ. ಬೆಕ್ಕಿನ ರಕ್ತ ನಮ್ಮ ಥರ ಅಲ್ಲ. ಈರುಳ್ಳಿ ಮಾಡೋ ಕೆಲಸಾನೇ ಬೆಳ್ಳುಳ್ಳಿ ಇನ್ನೂ ಜೋರಾಗಿ ಮಾಡುತ್ತೆ. ಚಿನ್ನಿ ಮೈಯಲ್ಲಿ ರಕ್ತ ತುಂಬ ಕಮ್ಮಿ ಆಗಿದೆ."

ಎಷ್ಟು ಮೆತ್ತಗೆ ಹೇಳಿ ಏನು, ಪವಿತ್ರ ಅಳುತ್ತಾ ಅಜ್ಜಿ ಮೇಲೆ ತಿರುಗಿಬಿದ್ದಳು. "ನಿನ್ ಬಾಣಂತನ ಸಾಕು ಅಜ್ಜಿ. ಬೆಕ್ಕನ್ನ ಕೊಂದೆ. ನಂಗೂ ಬೇಡ, ನನ್ ಮಗೂಗೂ ಬೇಡ. ಆಸ್ಪತ್ರೆಯಿಂದ ಸೀದಾ ಗಂಡನ ಮನೆಗೆ ಹೋಗ್ತೀನಿ."

ಅಜ್ಜಿ ಚಿನ್ನಿಯ ಕಾಲು ಹಿಡಿದಿದ್ದ ಎರಡೂ ಕೈ ತೆಗೆದು ಸೆರಗಿನೊಳಗೆ ಮುಚ್ಚಿಟ್ಟುಕೊಂಡರು. ಬೆಕ್ಕು ಸತ್ತರೆ ಈ ಕೈ ಇನ್ನೆಂದೂ ಸೆರಗಿನಿಂದ ಆಚೆ ಬರಲ್ಲ ಅಂತ ನನಗೆ ಗೊತ್ತಾಗಿಹೋಯ್ತು. ಚಿನ್ನಿಯನ್ನ ಉಳಿಸಲೇಬೇಕಿತ್ತು.

ರಕ್ತ ಏರಿಸದೆ ಬೇರೆ ದಾರಿ ಇರಲಿಲ್ಲ. ಬೆಕ್ಕಿನ ರಕ್ತಕ್ಕೂ ಗುಂಪು ಇದೆ, ತಪ್ಪು ಗುಂಪು ಏರಿಸಿದರೆ ಮೊದಲ ಸಲವೇ ಪ್ರಾಣಕ್ಕೆ ಕುತ್ತು. ಕೊಡೋ ಬೆಕ್ಕು ದಪ್ಪಗಿರಬೇಕು, ಆರೋಗ್ಯವಾಗಿರಬೇಕು, ಬೀದಿ ಸುತ್ತಬಾರದು. ಎಲ್ಲಿಂದ ತರೋದು ಅಂತ ಯೋಚಿಸುತ್ತಿದ್ದಾಗ ಆ ದೊಡ್ಡ ತಲೆ ನೆನಪಾಯ್ತು. ನವೀನನಿಗೆ ಫೋನ್ ಮಾಡಿದೆ. ಆಫೀಸ್ ಮೀಟಿಂಗಿನಲ್ಲಿದ್ದೀನಿ ಮೇಡಂ ಅಂತ ಪಿಸುಗುಟ್ಟಿದ. ವಿಷಯ ಹೇಳಿದೆ.

"ಬರ್ತಾ ಇದ್ದೀವಿ ಮೇಡಂ" ಅಂದ. ಮೀಟಿಂಗ್ ಕತೆ ಏನಾಯ್ತೋ ನಾನು ಕೇಳಲಿಲ್ಲ.

ಬೆನ್ನಿಗೆ ಬ್ಯಾಗು ಹಾಕಿಕೊಂಡು ಬಂದ. ಬಾಸ್ ಮೊದಲಿಗಿಂತ ದಪ್ಪಗಾಗಿದ್ದ, ಬುರ್ಜಿ ಬಿಟ್ಟ ಮೇಲೆ ಮೈ ಮಿರುಗುತ್ತಿತ್ತು. ಪರೀಕ್ಷೆ ಮಾಡಿದರೆ ರಕ್ತ ಹೊಂದಿತು. ಬಾಸ್‌ಗೆ ಮತ್ತು ಬರಿಸಿ, ಕುತ್ತಿಗೆಯಿಂದ ರಕ್ತ ತೆಗೆದು, ಹನಿಹನಿಯಾಗಿ ಚಿನ್ನಿಗೆ ಬಿಡೋಕೆ ಶುರು ಮಾಡಿದೆ. ನವೀನ್ ಪಕ್ಕದಲ್ಲೇ ನಿಂತು ಬಾಸ್‌ನ ಕಿವಿ ಸವರುತ್ತಾ, "ಸೂಪರ್ ಮಗಾ, ನೀನ್ ಹೀರೋ" ಅಂತಿದ್ದ. ಆ ಹುಡುಗನನ್ನ ನೋಡಿ ನನಗೆ ಎದೆ ಉಬ್ಬಿತು. ಎರಡು ವರ್ಷದ ಹಿಂದೆ ಅವರನ್ನು ಬೈದು ಕಳಿಸಿದ್ದರೆ ಅವತ್ತು ಆ ಫೋನ್ ಎತ್ತುತ್ತಿದ್ದನಾ?

ಇತ್ತ ಮರಿಗಳು ಹಸಿದು ಅರಚುತ್ತಿದ್ದವು. ತಾಯಿ ಹಾಲು ಕೊಡೋ ಸ್ಥಿತಿಯಲ್ಲಿಲ್ಲ. ನಮ್ಮ ಕ್ಲಿನಿಕ್ಕಿನ ಹುಡುಗಿಯರಿಗೆ ಹೇಳಬಹುದಿತ್ತು, ಚೆನ್ನಾಗಿ ಮಾಡುತ್ತಿದ್ದರು. ನಾನು ಹೇಳಲಿಲ್ಲ. ಮರಿಗಳಿಗೇ ಅಂತ ಸಿಗೋ ಹಾಲಿನ ಪುಡಿ ಮತ್ತು ಸಣ್ಣ ಬಾಟಲಿ ತಂದು ಅಜ್ಜಿ ಮುಂದೆ ಇಟ್ಟೆ.

"ಅಜ್ಜಿ, ಇದನ್ನ ಬಿಸಿನೀರಲ್ಲಿ ಕದಡಿ ಮರಿಗಳಿಗೆ ಕುಡಿಸಬೇಕು. ಬೆನ್ನ ಮೇಲೆ ಮಲಗಿಸಬೇಡಿ, ಹೊಟ್ಟೆ ಕೆಳಗೆ ಬರಬೇಕು. ನಮ್ಮಲ್ಲಿ ಯಾರಿಗೂ ಪುರಸೊತ್ತಿಲ್ಲ."

"ನನ್ ಕೈ ಬ್ಯಾಡ ಕಣವ್ವ" ಅಂದರು. ಕೈ ಇನ್ನೂ ಸೆರಗಿನಲ್ಲೇ ಇತ್ತು.

"ನಿಮ್ಮ ಕೈಯೇ ಬೇಕು. ಬೆರೆಸೋದಕ್ಕೆ ನಾನು ಹೇಳಿದ್ದು ಬಿಟ್ಟು ಇನ್ನೊಂದು ಕಾಳೂ ಹಾಕಬೇಡಿ. ಉಳಿದಿದ್ದೆಲ್ಲ ನಿಮಗೆ ಗೊತ್ತು."

ಅಜ್ಜಿ ಬುಟ್ಟಿಯ ಕಡೆ ಬಗ್ಗಿದರು. ಆಮೇಲೆ ಕೈ ಆಚೆ ಬಂತು. ಹಾಲು ಕದಡಿ, ಮುಂಗೈ ಮೇಲೆ ಒಂದು ತೊಟ್ಟು ಬಿಟ್ಟುಕೊಂಡು ಬಿಸಿ ನೋಡಿದರು. ಒಂದು ಮರಿಯನ್ನು ತೊಡೆ ಮೇಲೆ ಹೊಟ್ಟೆಯಡಿಯಾಗಿ ಮಲಗಿಸಿ ಬಾಟಲಿ ಬಾಯಿಗಿಟ್ಟರು. ಕುಡಿದು ಮುಗಿಸಿದ ಮೇಲೆ ಎರಡು ಬೆರಳಲ್ಲಿ ಅದರ ಬೆನ್ನು ತಟ್ಟಿ ತೇಗಿಸಿದರು. ಒದ್ದೆ ಬಟ್ಟೆಯಲ್ಲಿ ಕೆಳಗೆ ಒರೆಸಿ ಉಚ್ಚೆ ಹೊಯ್ಯಿಸಿದರು. ಇದನ್ನು ನಾನು ಹೇಳಿಕೊಡಬೇಕು ಅಂತಿದ್ದೆ, ಬಾಯಿ ತೆರೆಯೋ ಮುಂಚೆ ಮಾಡಿ ಮುಗಿಸಿದ್ದರು. ಪವಿತ್ರ ಬಾಗಿಲ ಹತ್ತಿರ ಹೊಟ್ಟೆ ಮೇಲೆ ಕೈ ಇಟ್ಟುಕೊಂಡು ನಿಂತು ನೋಡುತ್ತಿದ್ದಳು. ಆಮೇಲೆ ಅವಳೇ ಎರಡನೇ ಮರಿಯನ್ನು ಬುಟ್ಟಿಯಿಂದ ಎತ್ತಿ ಅಜ್ಜಿಗೆ ಕೊಟ್ಟಳು.

ಸಂಜೆ ಹೊತ್ತಿಗೆ ಚಿನ್ನಿಯ ವಸಡಿಗೆ ಎಳೆ ಗುಲಾಬಿ ಬಣ್ಣ ಬಂತು. ಮಾರನೇ ದಿನ ಬರೀ ಬೇಯಿಸಿದ ಕೋಳಿ ಎರಡು ಚೂರು ತಿಂದಳು. ಮನೆಗೆ ಹೋಗೋ ದಿನ ನನ್ನ ಕೈ ಕಚ್ಚಿದಳು. ಬೆಕ್ಕು ಕಚ್ಚಿದರೆ ನಾವು ಡಾಕ್ಟರುಗಳು ಬೈಯೋದು ಸಹಜ, ಅವತ್ತು ನಾನು ಎಲ್ಲರಿಗೂ ಗಾಯ ತೋರಿಸಿಕೊಂಡು ಓಡಾಡಿದೆ. ಉಳಿಸಿದ್ದು ನಾನು ಅಂತ ಹೇಳೋಕೆ ನನಗೆ ಯಾವ ಸಂಕೋಚವೂ ಇಲ್ಲ, ಉಳಿಸಿದ್ದು ನಾನೇ.

ಆದರೆ ಕೆಲಸ ಅಲ್ಲಿಗೆ ಮುಗಿದಿರಲಿಲ್ಲ. ಒಂದೂವರೆ ತಿಂಗಳಾದ ಮೇಲೆ ಪವಿತ್ರ ಫೋನ್ ಮಾಡಿದಳು. ಹೆಣ್ಣು ಮಗು ಆಗಿತ್ತು, ಆಸ್ಪತ್ರೆಯಿಂದ ಗಂಡನ ಮನೆಗೆ ಹೋಗದೆ ಸೀದಾ ಅಜ್ಜಿ ಹತ್ತಿರವೇ ಬಂದಿದ್ದಳು. ಮರಿಗಳಿಗೆ ಇಂಜೆಕ್ಷನ್ ಹಾಕೋಕೆ ಮನೆಗೇ ಬರ್ತೀರಾ ಮೇಡಂ ಅಂತ ಕೇಳಿದಳು. ಹಾಗೆ ಮನೆಗೆ ಹೋಗೋದು ನಾನು ಬಿಟ್ಟು ಕಾಲವಾಗಿತ್ತು, ಆದರೂ ಹೋದೆ.

ರೂಮಿನಲ್ಲಿ ಮಗು ಮಲಗಿತ್ತು. ಪವಿತ್ರ ಬಾಗಿಲು ಸ್ವಲ್ಪ ಮುಂದೆ ಮಾಡಿ, ದನಿ ಇಳಿಸಿ ಹೇಳಿದಳು. "ಮೇಡಂ, ನೀವೇ ಅಜ್ಜಿಗೆ ಹೇಳ್ಬೇಕು. ನೀರ್ ಹಾಕ್ತಾರೆ, ಮಗು ನೋಡ್ಕೊಳ್ತಾರೆ, ಎಲ್ಲಾ ಮಾಡ್ತಾರೆ. ಅಡಿಗೆ ಮಾತ್ರ ಸಪ್ಪೆ. ಬೆಳ್ಳುಳ್ಳಿ ಮುಟ್ಟಲ್ಲ. ನಮ್ ಲೇಡಿ ಡಾಕ್ಟ್ರು ಧಾರಾಳವಾಗಿ ತಿನ್ನು ಅಂದಿದ್ದಾರೆ. ನಾನು ತಪ್ಪಾಯ್ತು ಅಂತ ಎಷ್ಟ್ ಸಲ ಹೇಳ್ದೆ, ಅಳ್ತಾರೆ, ಹಾಕಲ್ಲ. ನಂಗೆ ಅಜ್ಜಿ ಮಾಡೋ ಬೆಳ್ಳುಳ್ಳಿ ಅನ್ನಾನೇ ಬೇಕು ಮೇಡಂ. ಅದಕ್ಕೇ ಬಂದಿದ್ದು ನಾನು."

ನಾನು ಅಡಿಗೆಮನೆಗೆ ಹೋದೆ. ಅಜ್ಜಿ ಒಲೆ ಮುಂದೆ ನಿಂತಿದ್ದರು. ಶೆಲ್ಫಿನ ಮೇಲೆ ಚಿನ್ನಿಯ ತಟ್ಟೆ ಬೇರೆ, ಅವಳ ಕೋಳಿ ಬೇಯಿಸೋ ಪಾತ್ರೆ ಬೇರೆ, ಎರಡಕ್ಕೂ ಕೆಂಪು ದಾರ ಕಟ್ಟಿತ್ತು. ಓದು ಬರಹ ಇಲ್ಲದ ಅಜ್ಜಿ ತಾವೇ ಮಾಡಿಕೊಂಡ ಗುರುತು. ನಮ್ಮ ಕ್ಲಿನಿಕ್ಕಿನಲ್ಲೂ ಅಷ್ಟು ಅಚ್ಚುಕಟ್ಟು ಇರಲಿಲ್ಲ. ಚಿನ್ನಿ ಅವರ ಕಾಲಿಗೆ ಮೈ ಉಜ್ಜುತ್ತಿದ್ದಳು.

ಏನು ಹೇಳಬೇಕು ಅಂತ ಯೋಚಿಸಿಕೊಂಡು ಒಳಗೆ ಹೋದೆ ಅಂದರೆ ಸುಳ್ಳು. ನನಗೆ ಬರೋ ಪ್ರಶ್ನೆ ಒಂದೇ.

"ಅಜ್ಜಿ, ಇವತ್ತು ಏನಡಿಗೆ?"

"ಅನ್ನ, ಸಪ್ಪೆ ಸಾರು."

"ಬಾಣಂತಿಗೆ?"

ಅಜ್ಜಿ ಸಾರಿಗೆ ಸೌಟು ಹಾಕಿ ತಿರುವಿದರು. ನಾನು ಮೂಲೆಯಲ್ಲಿದ್ದ ಬುಟ್ಟಿಯಿಂದ ಒಂದು ಗಡ್ಡೆ ಬೆಳ್ಳುಳ್ಳಿ ತಗೊಂಡು ನೆಲದ ಮೇಲೆ ಕೂತು ಬಿಡಿಸೋಕೆ ಶುರು ಮಾಡಿದೆ. ವಯಸ್ಸಾದ ಮೇಲೆ ನೆಲದ ಮೇಲೆ ಕೂತರೆ ಏಳೋದು ಕಷ್ಟ, ಆದರೂ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅಜ್ಜಿಯೂ ಎದುರಿಗೆ ಬಂದು ಕೂತರು.

"ಸಿಪ್ಪೆ ಹಂಗಲ್ಲ ಕಣವ್ವ ತೆಗಿಯಾದು" ಅಂದು ನನ್ನ ಕೈಯಿಂದ ಕಿತ್ತುಕೊಂಡರು.

ಸಿಪ್ಪೆಯನ್ನೆಲ್ಲ ಕವರಿಗೆ ತುಂಬಿ ಗಂಟು ಹಾಕಿದರು. ಬಾಣಲೆಗೆ ತುಪ್ಪ ಬಿಟ್ಟರು. ಬೆಳ್ಳುಳ್ಳಿ ಬಿದ್ದು ಚುರ್ ಅಂದಾಗ ರೂಮಿನಿಂದ ಪವಿತ್ರ, "ಅಜ್ಜೀ, ಜಾಸ್ತಿ ಹಾಕು" ಅಂತ ಕೂಗಿದಳು. ಅಜ್ಜಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಇನ್ನೊಂದು ಹಿಡಿ ಹಾಕಿದರು.

ತುಪ್ಪದ ವಾಸನೆಗೆ ಚಿನ್ನಿ ಒಲೆ ಕಟ್ಟೆಗೆ ನೆಗೆಯೋಕೆ ನೋಡಿದಳು. ಅಜ್ಜಿ ಅವಳನ್ನು ಎತ್ತಿಕೊಂಡು, ಹಣೆಗೆ ಒಂದು ಮುತ್ತು ಕೊಟ್ಟು, ಹಿತ್ತಲಿಗೆ ಬಿಟ್ಟರು.

"ನಿನ್ ಬಾಣಂತನ ಮುಗೀತು ಕಣೇ. ಇದು ನನ್ ಮೊಮ್ಮಗಳ್ದು" ಅಂದು ಬಾಗಿಲು ಹಾಕಿಕೊಂಡರು.